ಹಾಡುಗಾರರ ಆತ್ಮಕಥೆಗಳನ್ನು ಓದಬೇಕೇ? ಪರ–ವಿರೋಧ

ಪರ: ಕಿವಿಗೆ ಪಾಠ ಹೇಳುವ ಪುಸ್ತಕಗಳು

ರಾಕ್ ಮತ್ತು ಪಾಪ್ ಸಂಗೀತಗಾರರ ಜೀವನಚರಿತ್ರೆ ಎಂದೊಡನೆ ಅಮಲು, ಜಗಳ, ವಿಚ್ಛೇದನಗಳ ಸರಮಾಲೆಯೆಂದು ಮೂಗು ಮುರಿಯುವವರು ಆ ಪುಸ್ತಕಗಳ ಒಳ್ಳೆಯ ಪುಟಗಳನ್ನು ತಲುಪಿಯೇ ಇಲ್ಲವೆನ್ನಬೇಕು. ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ 2010ರಲ್ಲಿ ಹೊರತಂದ ‘ಲೈಫ್’ ಎಂಬ ಆತ್ಮಕಥೆಯಲ್ಲಿ ಮಾದಕವಸ್ತುಗಳ ಪ್ರಸಂಗಗಳಿಗೇನೂ ಕೊರತೆಯಿಲ್ಲ. ಆದರೆ ಗಿಟಾರಿನ ಆರು ತಂತಿಗಳಲ್ಲಿ ಅತಿ ಮಂದ್ರದ್ದನ್ನು ತೆಗೆದುಹಾಕಿ, ಉಳಿದ ಐದನ್ನು ಜಿ, ಡಿ, ಜಿ, ಬಿ, ಡಿ ಸ್ವರಗಳಿಗೆ ಶ್ರುತಿ ಮಾಡಿಕೊಂಡದ್ದನ್ನೂ, ಹಾಗೆ ಮಾಡಿದಾಗ ಎಡಗೈಯ ಬೆರಳನ್ನು ಎಲ್ಲಿಯೂ ಒತ್ತದೆ ಮೀಟಿದರೂ ಪೂರ್ಣ ಸ್ವರಮೇಳವೊಂದು ಹೊಮ್ಮುವುದನ್ನೂ ಅವರು ಅದೇ ಪುಸ್ತಕದಲ್ಲಿ ವಿವರಿಸಿದ್ದಾರೆ. ಇದನ್ನು ತಿಳಿದು ‘ಸ್ಟಾರ್ಟ್ ಮಿ ಅಪ್’ ಹಾಡಿನ ಆರಂಭವನ್ನು ಕೇಳಿದರೆ, ಮೊದಲು ಬರಿಯ ಗದ್ದಲವೆನಿಸಿದ್ದೆಡೆಯಲ್ಲಿ ಬೆರಳುಗಳ ಮಿತವಾದ ಚಲನೆ ಒಂದಾಗಿಯೂ, ಒತ್ತದೆ ಬಿಟ್ಟ ತಂತಿಗಳ ನಿರಂತರ ನಾದ ಇನ್ನೊಂದಾಗಿಯೂ ಬಿಡಿಬಿಡಿಯಾಗಿ ಕೇಳಿಸತೊಡಗುತ್ತವೆ.

ರೆಕಾರ್ಡಿನ ಮೇಲೆ ಅಚ್ಚಾದದ್ದೆಲ್ಲ ಸತ್ಯವಲ್ಲ ಎಂಬುದನ್ನೂ ಈ ಪುಸ್ತಕಗಳೇ ಹೇಳುತ್ತವೆ. 1966ರ ‘ರಿವರ್ ಡೀಪ್, ಮೌಂಟನ್ ಹೈ’ ಹಾಡು ಐಕ್ ಮತ್ತು ಟೀನಾ ಟರ್ನರ್ ಎಂಬ ಜೋಡಿ ಹೆಸರಿನಲ್ಲಿ ಬಂದರೂ ಅದರಲ್ಲಿ ಐಕ್ ಏನನ್ನೂ ನುಡಿಸಿಲ್ಲ. ನಿರ್ಮಾಪಕ ಫಿಲ್ ಸ್ಪೆಕ್ಟರ್‌ಗೆ ಬೇಕಿದ್ದದ್ದು ಟೀನಾರ ಧ್ವನಿ ಮಾತ್ರ. ಟೀನಾ ಅವರು ಪತ್ರಕರ್ತ ಕರ್ಟ್ ಲೋಡರ್ ಜೊತೆಗೂಡಿ 1986ರಲ್ಲಿ ಪ್ರಕಟಿಸಿದ ‘ಐ, ಟೀನಾ’ದಿಂದ ತಿಳಿಯುವಂತೆ, ಆನಾ ಮೇ ಬುಲಕ್ ಎಂಬ ತರುಣಿಗೆ ಆ ವೇದಿಕೆಯ ಹೆಸರನ್ನು ಇಟ್ಟವರೂ ಐಕ್, ವರ್ಷಗಟ್ಟಲೆ ಹೊಡೆದವರೂ ಅವರೇ. 1978ರ ವಿಚ್ಛೇದನದಲ್ಲಿ ಆಸ್ತಿಯ ಪಾಲನ್ನು ಬಿಟ್ಟುಕೊಟ್ಟ ಟೀನಾ, ಆ ಹೆಸರನ್ನು ಮಾತ್ರ ಬಿಡಲಿಲ್ಲ. ಹಾಡುಗಾರ್ತಿಯ ಪಾಲಿಗೆ ಹೆಸರೆಂಬುದು ಎಷ್ಟು ದೊಡ್ಡ ಆಸ್ತಿಯೆಂದು ಆಮೇಲಿನ ಹತ್ತು ವರ್ಷಗಳು ತೋರಿಸಿಕೊಟ್ಟವು.

ಸಂಶೋಧಕರ ಕೈಗೆ ಸಿಕ್ಕಾಗ ಈ ಪ್ರಕಾರ ಪ್ರೌಢ ಇತಿಹಾಸವೇ ಆಗಬಲ್ಲದು. ಮಾರ್ಕ್ ಲೂಯಿಸನ್ ಅವರು ಬೀಟಲ್ಸ್ ಕುರಿತು ಯೋಜಿಸಿದ ಮೂರು ಸಂಪುಟಗಳಲ್ಲಿ ಮೊದಲನೆಯದಾದ ‘ಟ್ಯೂನ್ ಇನ್’ 2013ರಲ್ಲಿ ಹೊರಬಂತು. ಅದು 1962ರ ಕೊನೆಯ ದಿನಕ್ಕೆ, ಎಂದರೆ ತಂಡ ಜಗತ್ಪ್ರಸಿದ್ಧವಾಗುವ ಮೊದಲೇ, ನಿಂತುಬಿಡುತ್ತದೆ! ರೆಕಾರ್ಡ್ ನಿರ್ಮಾಪಕ ಜಾರ್ಜ್ ಮಾರ್ಟಿನ್ ಹುಡುಗರ ಪ್ರತಿಭೆಯನ್ನು ಗುರುತಿಸಿ ಕೈಹಿಡಿದರೆಂಬ ದಂತಕಥೆಯನ್ನು ಲೂಯಿಸನ್ ದಾಖಲೆಗಳ ಎದುರು ನಿಲ್ಲಿಸುತ್ತಾರೆ. ಅವರ ಪ್ರಕಾರ ಹಾಡುಗಳ ಪ್ರಕಾಶನದ ಹಕ್ಕಿನ ಮೇಲೆ ಕಣ್ಣಿಟ್ಟಿದ್ದ ಇಎಂಐ ರೆಕಾರ್ಡ್ ಸಂಸ್ಥೆಯ ಒಳಗಿನವರ ಒತ್ತಡದಿಂದ ತಂಡದ ಧ್ವನಿಮುದ್ರಣದ ಒಪ್ಪಂದ ಮಾರ್ಟಿನ್ ಅವರ ಹೆಗಲೇರಿತು. ಇಂಥ ತಿದ್ದುಪಡಿ ಹಾಡನ್ನು ಎಷ್ಟು ಸಲ ಕೇಳಿದರೂ ದೊರೆಯದು.

ವಿರೋಧ: ಹಾಡಿಗೆ ಚೀಟಿ ಅಂಟಿಸುವ ಓದು

ಐದು ತಂತಿಗಳ ವಿವರಣೆ ಸೊಗಸಾಗಿದೆ, ನಿಜ. ಆದರೆ ಐನೂರಕ್ಕೂ ಹೆಚ್ಚು ಪುಟಗಳ ಪುಸ್ತಕದಲ್ಲಿ ಅದಕ್ಕೆ ಸಿಕ್ಕಿರುವುದು ಕೆಲವೇ ಪುಟ, ಮತ್ತು ಅಷ್ಟನ್ನು ಗಿಟಾರ್ ಬಲ್ಲವರೊಬ್ಬರು ಒಂದು ಸಂಜೆಯಲ್ಲಿ ನುಡಿಸಿಯೇ ತೋರಿಸಬಲ್ಲರು. ಲೂಯಿಸನ್ ಅವರಂತಹ ಸಂಶೋಧಕರೋ ಅಪವಾದ. ಮಾರುಕಟ್ಟೆಯನ್ನು ತುಂಬಿರುವುದು ತಾರೆಯ ನೆನಪು, ಸಹಲೇಖಕನ ಕೈಚಳಕ, ಪ್ರಕಾಶಕನ ಅವಸರ ಈ ಮೂರೂ ಸೇರಿ ಸಿದ್ಧವಾದ ಸರಕು.

ಈ ಪ್ರಕಾರದ ಅತಿ ಪ್ರಸಿದ್ಧ ಕೃತಿಗಳಲ್ಲೊಂದನ್ನೇ ನೋಡೋಣ. ಜಾಝ್ ಗಾಯಕಿ ಬಿಲ್ಲಿ ಹಾಲಿಡೇ ಅವರ ‘ಲೇಡಿ ಸಿಂಗ್ಸ್ ದ ಬ್ಲೂಸ್’ ವಿಲಿಯಂ ಡಫ್ಟಿ ಅವರ ನೆರವಿನಿಂದ 1956ರಲ್ಲಿ ಪ್ರಕಟವಾಯಿತು. ತಂದೆತಾಯಿಯ ಮದುವೆಯ ಪ್ರಸ್ತಾಪದಿಂದಲೇ ಅದು ಆರಂಭವಾಗುತ್ತದೆ, ಆದರೆ ಆ ಇಬ್ಬರು ಮದುವೆಯೇ ಆಗಿರಲಿಲ್ಲ. ಹುಟ್ಟಿದ ಊರು ಬಾಲ್ಟಿಮೋರ್ ಎಂದು ಪುಸ್ತಕ ಹೇಳಿದರೆ ಜನನದ ದಾಖಲೆ ಫಿಲಡೆಲ್ಫಿಯಾ ಎನ್ನುತ್ತದೆ. ಇವನ್ನು ಕ್ಷಮಿಸಬಹುದು, ಕಷ್ಟದಲ್ಲಿ ಬೆಳೆದವರು ತಮ್ಮ ಬಾಲ್ಯವನ್ನು ತಿದ್ದಿ ಬರೆದುಕೊಂಡರೆ ಆಕ್ಷೇಪಿಸಲು ನಾವಾರು? ಕ್ಷಮಿಸಲು ಕಷ್ಟವಾಗುವುದು ‘ಸ್ಟ್ರೇಂಜ್ ಫ್ರೂಟ್’ ಹಾಡಿನ ವಿಷಯ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ಜನರನ್ನು ಗುಂಪುಗೂಡಿ ಕೊಂದು ಮರಕ್ಕೆ ನೇತುಹಾಕುತ್ತಿದ್ದ ಕ್ರೌರ್ಯವನ್ನು ಕುರಿತ ಆ ಕವಿತೆಯನ್ನು ನ್ಯೂಯಾರ್ಕಿನ ಶಾಲಾ ಶಿಕ್ಷಕ ಏಬೆಲ್ ಮೀರೊಪೊಲ್ 1937ರಲ್ಲಿ ಪ್ರಕಟಿಸಿದ್ದರು; ಅದಕ್ಕೆ ರಾಗ ಹಾಕಿದವರೂ ಅವರೇ. ಪುಸ್ತಕವಾದರೋ ರಾಗಸಂಯೋಜನೆಯಲ್ಲಿ ಹಾಲಿಡೇ ಮತ್ತು ಅವರ ಜೊತೆಗಾರರಿಗೆ ಪಾಲು ಕೊಡುತ್ತದೆ. ಕೊಲಂಬಿಯಾ ರೆಕಾರ್ಡ್ ಕಂಪನಿ ಧ್ವನಿಮುದ್ರಿಸಲು ಒಲ್ಲೆನೆಂದಾಗ 1939ರಲ್ಲಿ ಕಮೊಡೋರ್ ಎಂಬ ಸಣ್ಣ ಕಂಪನಿಗೆ ಅದನ್ನು ಹಾಡಿದ ಎದೆಗಾರಿಕೆಯೊಂದೇ ಹಾಲಿಡೇ ಅವರ ಕೀರ್ತಿಗೆ ಸಾಕಾಗಿತ್ತು. ಆ ಮುದ್ರಿಕೆಯಲ್ಲಿ ಇಲ್ಲದ ಸುಳ್ಳು ಆತ್ಮಕಥೆಯಲ್ಲಿದೆ.

ಇನ್ನು ಹಗೆ ತೀರಿಸಿಕೊಳ್ಳುವ ಬರವಣಿಗೆ. ‘ಲೈಫ್’ನಲ್ಲಿ ತಮ್ಮ ತಂಡದ ಗಾಯಕ ಮಿಕ್ ಜಾಗರ್ ಅವರ ಬಗ್ಗೆ ಆಡಿದ ಕೀಳು ಮಾತಿಗೆ ರಿಚರ್ಡ್ಸ್ ಆಮೇಲೆ ಕ್ಷಮೆ ಕೇಳಬೇಕಾಯಿತು. ಜಾಗರ್ ಅವರಾದರೋ 1980ರ ದಶಕದಲ್ಲಿ ಆತ್ಮಕಥೆಗೆಂದು ಪಡೆದ ಮುಂಗಡವನ್ನು ಪ್ರಕಾಶಕರಿಗೆ ಹಿಂದಿರುಗಿಸಿ ಸುಮ್ಮನಾದರು. ಇಬ್ಬರಲ್ಲಿ ಜಾಣರು ಯಾರೆಂಬುದು ನನಗಂತೂ ಸ್ಪಷ್ಟ.

ಮುಖ್ಯ ಆಕ್ಷೇಪ ಬೇರೆಯೇ ಇದೆ. ನಿಜವಾದ ಸಂಗತಿಯೂ ಕೇಳುವಿಕೆಯನ್ನು ಕುಗ್ಗಿಸಬಲ್ಲದು. ಫ್ಲೀಟ್‌ವುಡ್ ಮ್ಯಾಕ್ ತಂಡದ 1977ರ ‘ರೂಮರ್ಸ್’ ಆಲ್ಬಮ್ ತಯಾರಾಗುವಾಗ ತಂಡದೊಳಗಿನ ಎರಡು ಜೋಡಿಗಳು ಮುರಿದುಬೀಳುತ್ತಿದ್ದವೆಂಬುದು ಈಗ ಎಷ್ಟು ಚಿರಪರಿಚಿತವೆಂದರೆ, ಯಾವ ಸಾಲು ಯಾರಿಗೆ ಹೇಳಿದ್ದು ಎಂದು ಲೆಕ್ಕ ಹಾಕದೆ ಆ ಹಾಡುಗಳನ್ನು ಕೇಳುವುದೇ ಅಸಾಧ್ಯವಾಗಿದೆ. ಅದೇ ಆಲ್ಬಮ್‌ನಲ್ಲಿ ಕ್ರಿಸ್ಟೀನ್ ಮ್ಯಾಕ್‌ವೀ ಅವರು ಹೊಸ ಪ್ರಿಯಕರನನ್ನು ಕುರಿತು ಬರೆದ ‘ಯೂ ಮೇಕ್ ಲವಿಂಗ್ ಫನ್’ ಇದೆ. ಮುಂದೆ ಅವರೇ ಹೇಳಿಕೊಂಡಂತೆ, ತಂಡದಲ್ಲೇ ಇದ್ದ ಗಂಡ ಜಾನ್‌ಗೆ ಅದು ನಾಯಿಯ ಬಗೆಗಿನ ಹಾಡೆಂದು ನಂಬಿಸಿದ್ದರು. ಅಷ್ಟನ್ನೇ ತಿಳಿದಿದ್ದ ಜಾನ್ ಆ ಹಾಡಿಗೆ ನುಡಿಸಿದ ಬೇಸ್ ಗಿಟಾರಿನಲ್ಲಿ ಯಾವ ಊನವೂ ಇಲ್ಲ.