ಗಣ್ಯರ ಗಾಳಿ ಕಛೇರಿ

ದಾವಣಗೆರೆಯಲ್ಲಿ ಸಂಗೀತ ಕಾರ್ಯಕ್ರಮ ಅಂದರೆ ಮೊದಲು ಎಣಿಸುವುದು ವೇದಿಕೆಯ ಕುರ್ಚಿಗಳನ್ನು. ಕಲಾವಿದರಿಗಲ್ಲ, ಗಣ್ಯರಿಗೆ. ಈ ಸಲ 23 ಹಾಕಿದ್ದರು. ಕಲಾವಿದ ಒಬ್ಬನೇ, ಬೆಂಗಳೂರಿನಿಂದ ಬಂದ ಹುಡುಗ. ಅವನಿಗೆ ಕುರ್ಚಿ ಬೇಕಿರಲಿಲ್ಲ, ಸ್ವಲ್ಪ ಖಾಲಿ ಜಾಗ ಬೇಕಿತ್ತು. ಅದೊಂದೇ ಅಲ್ಲಿ ಇರಲಿಲ್ಲ.

ಅವನದು ಕೈ ಆಡಿಸಿ ಸಂಗೀತ ಹೊರಡಿಸುವ ಪ್ರಯೋಗ. ತೀರಾ ಹೊಸದೇನಲ್ಲ. ರಷ್ಯಾದ ಲಿಯಾನ್ ಥೆರೆಮಿನ್ 1920ರ ಸುಮಾರಿಗೇ ಮುಟ್ಟದೆ ನುಡಿಸುವ ವಾದ್ಯ ಮಾಡಿದ್ದ. ಅದರ ಹೆಸರೂ ಥೆರೆಮಿನ್ ಅಂತಲೇ, ಅದಕ್ಕೆ ಎರಡು ಆಂಟೆನಾ. ನೆಟ್ಟಗಿರುವುದರ ಹತ್ತಿರ ಕೈ ತಂದಷ್ಟೂ ಸ್ವರ ಏರುತ್ತದೆ, ದುಂಡಗಿರುವುದರ ಹತ್ತಿರ ತಂದರೆ ಸದ್ದು ತಗ್ಗುತ್ತದೆ. ಹುಡುಗ ಅದರ ಜೊತೆಗೆ ಕಿನೆಕ್ಟ್ ಕ್ಯಾಮೆರಾನೂ ತಂದಿದ್ದ. 2010ರಲ್ಲಿ ಮೈಕ್ರೋಸಾಫ್ಟ್ ವಿಡಿಯೋ ಗೇಮ್‌ಗೆಂದು ಬಿಟ್ಟ ಸಾಮಾನು. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಚೆಲ್ಲಿ, ಮೊಣಕೈ ಎಲ್ಲಿದೆ, ಅಂಗೈ ಎಲ್ಲಿದೆ ಅಂತ ಲೆಕ್ಕ ಹಿಡಿಯುತ್ತದೆ. ಕಂಪ್ಯೂಟರ್ ಅದನ್ನು ಸ್ವರವಾಗಿಸುತ್ತದೆ.

"ಸಂಜೆ ಇಡ್ರಿ ಸಾರ್, ಬಿಸಿಲಲ್ಲಿ ಇದಕ್ಕೆ ಕಣ್ಣು ಕಾಣಲ್ಲ" ಅಂತ ಅವನು ಮೊದಲೇ ಹೇಳಿದ್ದ. ಬಿಸಿಲಲ್ಲೂ ಇನ್‌ಫ್ರಾರೆಡ್ ಇರುತ್ತದಲ್ಲ, ತನ್ನ ಬೆಳಕು ಯಾವುದೆಂದು ಅದಕ್ಕೆ ಗೊತ್ತಾಗುವುದಿಲ್ಲ. ಆದರೆ ಸಂಜೆ ಮುಖ್ಯ ಅತಿಥಿಗಳಿಗೆ ಯಾರದೋ ಆರತಕ್ಷತೆ ಇತ್ತು. ಬೆಳಗ್ಗೆ 10ಕ್ಕೆ ಅಂತ ಕಾರ್ಡ್ ಹಾಕಿಸಿದರು. ಗಣ್ಯರು ಬೆಣ್ಣೆ ದೋಸೆ ಮುಗಿಸಿ ಬರುವ ಹೊತ್ತಿಗೆ ಮಟಮಟ ಮಧ್ಯಾಹ್ನ. ಕೊನೆಗೆ ಜಯದೇವ ಸರ್ಕಲ್‌ನಲ್ಲಿ ಕಟ್ಟಬೇಕಿದ್ದ ಗಣ್ಯರ ಫ್ಲೆಕ್ಸನ್ನೇ ತಂದು ಬಿಸಿಲಿಗೆ ಅಡ್ಡ ಕಟ್ಟಿದರು. ಫ್ಲೆಕ್ಸಿನಿಂದ ಊರಿಗೆ ನೆರಳಾದರೂ ಸಿಕ್ಕಿತು.

ಆಫ್ ಮಾಡಿದರೆ ಮತ್ತೆ ಹೊಂದಿಸಬೇಕು ಅಂತ ಹುಡುಗ ಎಲ್ಲ ಆನ್ ಮಾಡೇ ಇಟ್ಟಿದ್ದ. ಅಧ್ಯಕ್ಷರು ಎದ್ದು "ಬಂಧುಗಳೇ" ಅಂತ ಕೈ ಮೇಲೆತ್ತಿದರು. ಸ್ಪೀಕರಿನಿಂದ ಊಂ ಅಂತ ಸದ್ದು ಮೇಲೆದ್ದಿತು. ಕೈ ಇಳಿಸಿದರು, ಸದ್ದೂ ಇಳಿಯಿತು. ವಿರೋಧಿಗಳನ್ನು ಬೈಯುತ್ತಾ ಕೈ ಬೀಸಿದ ರಭಸಕ್ಕೆ ನಗಾರಿ ಬಾರಿಸಿತು. ಅನುದಾನ ತರುತ್ತೇನೆ ಅಂದಾಗ ಮಾತ್ರ ಕೈ ಅಲ್ಲಾಡಲೇ ಇಲ್ಲ, ಹಾಗಾಗಿ ಏನೂ ಕೇಳಲಿಲ್ಲ. ನನ್ನ ಪಕ್ಕದಲ್ಲಿ ಖಾರ ಮಂಡಕ್ಕಿ ಮೆಲ್ಲುತ್ತಿದ್ದ ಯಜಮಾನರು ಬೆರಗಾದರು. "ಸಾಹೇಬ್ರು ಇದ್ನೆಲ್ಲ ಯಾವಾಗ ಕಲಿತ್ರಪ್ಪ?"

ಆಮೇಲೆ ಸನ್ಮಾನ. ಹುಡುಗ ಥೆರೆಮಿನ್ ಪಕ್ಕ ನಿಂತಿದ್ದ. ಆ ವಾದ್ಯಕ್ಕೆ ಕಲಾವಿದನ ಕೈಯೇ ಆಗಬೇಕೆಂದಿಲ್ಲ, ಹತ್ತಿರ ಬಂದ ಯಾರ ಮೈಯಾದರೂ ನಡೆಯುತ್ತದೆ. ಒಬ್ಬರು ಪೇಟ ಹಿಡಿದು ಬಂದರು, ಸ್ವರ ಏರಿತು. ಶಾಲು ಬಂತು, ಇನ್ನೂ ಏರಿತು. ಹಣ್ಣಿನ ಬುಟ್ಟಿಯವರು, ಅವರ ಹಿಂದೆ ಫೋಟೋದಲ್ಲಿ ಬೀಳಬೇಕಾದವರು ಒತ್ತಿಕೊಂಡು ಬಂದಾಗ ಅದು ಕಿಟಾರನೆ ಕಿರುಚಿತು. ಜನ ಚಪ್ಪಾಳೆ ತಟ್ಟಿದರು.

ಕಿನೆಕ್ಟಿನದು ಇನ್ನೊಂದು ಪಾಡು. ಅದು ಗುರುತಿಸುವುದು ಒಂದು ಸಲಕ್ಕೆ ಆರೇ ಜನರನ್ನು, ಹಳೇ ಮಾಡೆಲ್ ಪೂರ್ತಿ ಕೈಕಾಲಿನ ಲೆಕ್ಕ ಇಡುವುದು ಇಬ್ಬರದನ್ನೇ. ಇಲ್ಲಿ ನೋಡಿದರೆ 46 ಕೈ. ಯಾರದೋ ಕೈಯನ್ನು ಯಾರದೋ ಹೆಗಲಿಗೆ ಸೇರಿಸಿ ಬಡಬಡಿಸಿತು. ಇಲ್ಲೇ ಹುಟ್ಟಿ ಬೆಳೆದ ನಮಗೇ ಯಾರ ಕೈ ಯಾರ ಹೆಗಲ ಮೇಲಿದೆ ಅಂತ ಗೊತ್ತಾಗುವುದಿಲ್ಲ, ಪಾಪ ಅದಕ್ಕೇನು ಗೊತ್ತು?

ಹುಡುಗನಿಗೆ ಉಳಿದದ್ದು ಹತ್ತು ನಿಮಿಷ. ಪೇಟ ತೆಗೆದ, ತೋಳು ಮುಚ್ಚಿದ್ದ ಶಾಲು ತೆಗೆದ. ಬಲಗೈ ಬೆರಳನ್ನು ಗಾಳಿಯಲ್ಲಿ ಒಂಚೂರು ನಡುಗಿಸಿದ, ಸ್ವರವೂ ನಡುಗಿತು. ಚೆನ್ನಾಗಿತ್ತು, ಸುಮ್ನೆ ಹೊಗಳುತ್ತಿಲ್ಲ. ಅಷ್ಟರಲ್ಲಿ ಊಟಕ್ಕೆ ಎಲೆ ಹಾಕಿದರು. ಶಾಮಿಯಾನದಲ್ಲಿ ಉಳಿದದ್ದು ಮೈಕ್ ಸೆಟ್‌ನವನು, ನಾನು ಮತ್ತು ಆ ಯಜಮಾನರು. ಅವರಿಗೆ ಮಂಡಕ್ಕಿ ಇನ್ನೂ ಮುಗಿದಿರಲಿಲ್ಲ.

ಮುಂದಿನ ವರ್ಷ ಕಲಾವಿದನ ಖರ್ಚು ಬೇಡ, ಸಾಹೇಬರೇ ಚೆನ್ನಾಗಿ ನುಡಿಸುತ್ತಾರೆ, ಯಂತ್ರ ತಂದರೆ ಸಾಕು ಅಂತ ಸಮಿತಿಯವರು ತೀರ್ಮಾನಿಸಿದ್ದಾರೆ. ತಕರಾರು ಬಂದದ್ದು ಒಂದೇ. ಆರು ಜನರನ್ನು ಗುರುತಿಸಿದರೆ ಉಳಿದ 17 ಗಣ್ಯರಿಗೆ ಏನು ಹೇಳುವುದು? ಅದಕ್ಕೇ ನಾಲ್ಕು ಹೊಸ ಕಿನೆಕ್ಟಿಗೆ ಕೊಟೇಶನ್ ಕರೆದರು. ಅದರ ತಯಾರಿಕೆ 2017ರಲ್ಲೇ ನಿಂತಿದೆ. ಆದರೂ ಮೂರು ಕೊಟೇಶನ್ ಬಂದಿವೆಯಂತೆ.