ಸೈಬೀರಿಯಾದ ಆ 'ನರಕದ ಬಾಗಿಲು' ಉಲ್ಕೆ ಬಿದ್ದು ಆಗಿದ್ದಲ್ಲ

ಎರಡ್ಮೂರು ದಿನದಿಂದ ಒಂದು ವಿಡಿಯೋ ಓಡಾಡ್ತಿದೆ, "ಸೈಬೀರಿಯಾದಲ್ಲಿ ಉಲ್ಕೆ ಬಿದ್ದು ರಾತ್ರೋರಾತ್ರಿ ತಳವೇ ಇಲ್ಲದ ಗುಂಡಿ ಆಗಿದೆ" ಅಂತ. ಜಾಗ ನಿಜ, ಕಥೆ ಸುಳ್ಳು. ಅದು ರಷ್ಯಾದ ಯಾಕುಟಿಯಾ ಪ್ರದೇಶದಲ್ಲಿರೋ ಬಟಗಾಯ್ಕಾ ಅನ್ನೋ ಗುಂಡಿ, ಉಲ್ಕೆಗೂ ಅದಕ್ಕೂ ಸಂಬಂಧನೇ ಇಲ್ಲ. 1960ರ ದಶಕದಲ್ಲಿ ಅಲ್ಲಿನ ಕಾಡು ಕಡಿದ್ರು, ನೆರಳು ಹೋಯ್ತು, ನೆಲಕ್ಕೆ ನೇರ ಬಿಸಿಲು ಬಿತ್ತು, ಸಾವಿರಾರು ವರ್ಷದಿಂದ ಹೆಪ್ಪುಗಟ್ಟಿದ್ದ ನೆಲ (ಪರ್ಮಾಫ್ರಾಸ್ಟ್) ಕರಗೋಕೆ ಶುರುವಾಯ್ತು. ಆ ಮಣ್ಣಲ್ಲಿ ಐಸ್ ತುಂಬಾ ಜಾಸ್ತಿ, ಐಸ್ ಕರಗಿದ್ರೆ ಮಣ್ಣಿಗೆ ಹಿಡಿತ ಎಲ್ಲಿಂದ ಬರ್ಬೇಕು, ಕುಸಿದು ಕೆಸರಾಗಿ ಕೆಳಗೆ ಹರಿದುಹೋಗುತ್ತೆ, ಆಗ ಹಿಂದಿನ ಐಸ್ ಗೋಡೆ ಬಿಸಿಲಿಗೆ ಬೀಳುತ್ತೆ, ಅದೂ ಕರಗುತ್ತೆ, ಹೀಗೆ ಪ್ರತಿ ಬೇಸಿಗೆ ಅಂಚು ಹಿಂದೆ ಹಿಂದೆ ಸರೀತಾ ಈಗ ಹೆಚ್ಚುಕಮ್ಮಿ 1 ಕಿ.ಮೀ. ಉದ್ದ ಆಗಿದೆ. ಹವಾಮಾನ ಬಿಸಿಯಾಗ್ತಿರೋದು ಇದಕ್ಕೆ ಇನ್ನೂ ಸ್ಪೀಡ್ ಕೊಡ್ತಿದೆ.

ತಳ ಇಲ್ಲ ಅನ್ನೋದಂತೂ ನಗು ಬರೋ ಮಾತು, ಅದೇ ವಿಡಿಯೋದಲ್ಲೇ ತಳ ಕಾಣ್ಸುತ್ತಲ್ಲ ಮಾರಾಯ್ರೆ! ಇನ್ನು ಕೆಲವರು ಇದಕ್ಕೆ ಸೈಬೀರಿಯಾದಲ್ಲೇ ಇರೋ ಯಮಾಲ್ ಅನ್ನೋ ಕಡೆಯ 2014ರ ಗುಂಡಿ ಫೋಟೋನೂ ಸೇರಿಸಿ ಹಾಕ್ತಿದ್ದಾರೆ. ಅದು ಬೇರೆ, ನೆಲದೊಳಗೆ ಗ್ಯಾಸ್ ಒತ್ತಡ ಹೆಚ್ಚಾಗಿ ಸಿಡಿದಿದ್ದು, ಬಟಗಾಯ್ಕಾದಿಂದ ಸಾವಿರಾರು ಕಿ.ಮೀ. ದೂರ.