ಜರ್ಮನಿಗೆ ಹೊರಟಿರುವ ನಮ್ಮೂರ ಇಂಜಿನಿಯರ್ ಮಕ್ಕಳಿಗೆ, ಭಾಷೆಯ ಕುರಿತು

ಕಳೆದ ಎರಡು ತಿಂಗಳಲ್ಲಿ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಬಾಯಾರು, ಮಂಜೇಶ್ವರ ಕಡೆಯ ಒಂಬತ್ತು ಮಂದಿ ವಿದ್ಯಾರ್ಥಿಗಳು, ಕೆಲವರ ಬದಲಿಗೆ ಅವರ ಹೆತ್ತವರು, ಜರ್ಮನಿಯಲ್ಲಿ ಇಂಜಿನಿಯರಿಂಗ್ ಮಾಸ್ಟರ್ಸ್ ಓದುವ ವಿಚಾರವಾಗಿ ನನಗೆ ಫೋನ್ ಮಾಡಿದ್ದಾರೆ. ಯಾವ ವಿಶ್ವವಿದ್ಯಾನಿಲಯ ಒಳ್ಳೆಯದು, ಒಟ್ಟು ಎಷ್ಟು ಖರ್ಚು ಬೀಳುತ್ತದೆ, ಮುಗಿಸಿದ ಮೇಲೆ ಎಷ್ಟು ಸಮಯಕ್ಕೆ ಕೆಲಸ ಸಿಗುತ್ತದೆ ಎಂದು ಎಲ್ಲರೂ ಕೇಳಿದರು. ಜರ್ಮನ್ ಭಾಷೆಯನ್ನು ಎಷ್ಟು ಕಲಿತು ಹೋಗಬೇಕು ಎಂದು ಮಾತ್ರ ಒಬ್ಬರೂ ಕೇಳಲಿಲ್ಲ. ನಾನಾಗಿ ಆ ಮಾತೆತ್ತಿದಾಗ, "ಕೋರ್ಸ್ ಇಂಗ್ಲಿಷಿನಲ್ಲೇ ಇದೆಯಲ್ಲ" ಎಂಬ ಒಂದೇ ಉತ್ತರ ಬಂತು. 2021ರ ಅಕ್ಟೋಬರಿನಲ್ಲಿ ನೀರಿನ ಇಂಜಿನಿಯರಿಂಗ್ ಓದಲು ಹೊರಟಾಗ ನಾನೂ ಅದನ್ನೇ ಹೇಳಿಕೊಂಡಿದ್ದೆ. ಇಂಗ್ಲಿಷ್ ಧಾರಾಳ ಸಾಕು ಎಂದು ನನ್ನ ಅರ್ಜಿಯ ಕೆಲಸ ನೋಡಿಕೊಂಡ ಏಜೆನ್ಸಿಯವರೂ ಹೇಳಿದ್ದರು. ಆ ಮಾತನ್ನು ನಂಬಿ ನಾನು ಕಳೆದುಕೊಂಡದ್ದು ಸುಮಾರು ಒಂದೂವರೆ ವರ್ಷ. ಆದ್ದರಿಂದ ನನ್ನ ಅಭಿಪ್ರಾಯವನ್ನು ಇಲ್ಲಿ ಸ್ಪಷ್ಟವಾಗಿ ಬರೆದಿಡುತ್ತೇನೆ: ಬಿ1 ಮಟ್ಟದ, ಅಂದರೆ ಎ1, ಎ2 ಹಂತಗಳನ್ನು ದಾಟಿ ದಿನನಿತ್ಯದ ವ್ಯವಹಾರ ನಡೆಸುವಷ್ಟು ಜರ್ಮನ್ ಕಲಿಯದೆ ಹೊರಡಬೇಡಿ. ಅದಕ್ಕಾಗಿ ಪ್ರಯಾಣ ಒಂದು ವರ್ಷ ಮುಂದೆ ಹೋದರೂ ಚಿಂತೆಯಿಲ್ಲ.

ಖರ್ಚಿನ ವಿಷಯವನ್ನು ಮೊದಲು ಹೇಳಿ ಮುಗಿಸುತ್ತೇನೆ. ಅಲ್ಲಿನ ಹೆಚ್ಚಿನ ಸರಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಪ್ರತಿ ಸೆಮಿಸ್ಟರಿಗೆ ಒಂದು ಸಣ್ಣ ವಂತಿಗೆಯನ್ನು ಕೊಟ್ಟರಾಯಿತು. ಆದರೆ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯವು 2017ರಿಂದ ಯುರೋಪ್ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೊ ಪಡೆಯುತ್ತಿದೆ, ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾನಿಲಯವು 2024ರ ಚಳಿಗಾಲದ ಸೆಮಿಸ್ಟರಿನಿಂದ ಮಾಸ್ಟರ್ಸ್‌ಗೆ ಸೆಮಿಸ್ಟರೊಂದಕ್ಕೆ 4,000ದಿಂದ 6,000 ಯೂರೊ ನಿಗದಿ ಮಾಡಿದೆ. ನಮ್ಮ ಪದವಿಯ ದಾಖಲೆಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರವು 2022ರ ನವೆಂಬರ್ 1ರಿಂದ ಭಾರತೀಯ ವಿದ್ಯಾರ್ಥಿಗಳ ವೀಸಾಕ್ಕೆ ಕಡ್ಡಾಯವಾಗಿದೆ. ಇದಲ್ಲದೆ ಒಂದು ವರ್ಷದ ಜೀವನ ವೆಚ್ಚವನ್ನು ಬ್ಲಾಕ್ಡ್ ಅಕೌಂಟ್ ಎಂಬ ಖಾತೆಯಲ್ಲಿ ಮುಂಚಿತವಾಗಿ ಇರಿಸಬೇಕು. ನಾನು ಹೋಗುವಾಗ ಅದು 10,332 ಯೂರೊ ಇತ್ತು. 2024ರ ಸೆಪ್ಟೆಂಬರಿನಿಂದ 11,904 ಯೂರೊ, ಅಂದರೆ ಹೆಚ್ಚುಕಡಿಮೆ 12 ಲಕ್ಷ ರೂಪಾಯಿ. ಅದರಿಂದ ತಿಂಗಳಿಗೆ 992 ಯೂರೊ ಕೈಗೆ ಬರುತ್ತದೆ. ನಮ್ಮ ಕಡೆ ಈ ಮೊತ್ತ ಒದಗುವುದು ಬಹುತೇಕ ಅಡಕೆ ತೋಟದ ಮೇಲೆ ಮಾಡಿದ ಸಾಲದಿಂದ. ಇದು ಮೊದಲ ವರ್ಷದ ಹಣ ಮಾತ್ರ ಎಂಬುದನ್ನು ಗಮನಿಸಬೇಕು. ಎರಡನೆಯ ವರ್ಷದ್ದನ್ನು ಅಲ್ಲೇ ದುಡಿದುಕೊಳ್ಳುತ್ತೇನೆ ಎಂದು ಹೇಳಿ ಮಕ್ಕಳು ವಿಮಾನ ಹತ್ತುತ್ತಾರೆ. ಭಾಷೆ ಗೊತ್ತಿಲ್ಲದ ತೊಂದರೆ ನಿಜವಾಗಿ ತಟ್ಟುವುದು ಇಲ್ಲಿಂದಲೇ.

ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಲು ಕಾನೂನು ವಿದ್ಯಾರ್ಥಿಗಳಿಗೆ ಅನುಮತಿ ಕೊಡುತ್ತದೆ. ನಮ್ಮ ವಿಷಯಕ್ಕೆ ಸಂಬಂಧಪಟ್ಟ ಕಂಪೆನಿಯಲ್ಲಿ ವಾರಕ್ಕೆ 20 ಗಂಟೆ ಕೆಲಸ ಸಿಕ್ಕಿದರೆ ಹಣವೂ ಬಂತು, ಅನುಭವವೂ ಬಂತು. ಎರಡನೆಯ ಸೆಮಿಸ್ಟರಿನಲ್ಲಿ ನಾನು ಒಂದು ಇಂಜಿನಿಯರಿಂಗ್ ಕಚೇರಿಗೆ ಸಂದರ್ಶನಕ್ಕೆ ಹೋದೆ. ಹತ್ತು ಹದಿನೈದು ಮಂದಿ ಇರುವ, ಸುತ್ತಲಿನ ಪಂಚಾಯತುಗಳಿಗೆ ನೀರು ಮತ್ತು ಚರಂಡಿಯ ಯೋಜನೆಗಳನ್ನು ಮಾಡಿಕೊಡುವ ಕಚೇರಿ ಅದು. ನನ್ನ ಸಾಫ್ಟ್‌ವೇರ್ ಜ್ಞಾನದ ಬಗ್ಗೆ ಅವರಿಗೆ ತೃಪ್ತಿಯಿತ್ತು. ಆದರೆ ನಕ್ಷೆಯ ಟಿಪ್ಪಣಿ, ನಿಯಮಾವಳಿ, ಜಲ ಪ್ರಾಧಿಕಾರದೊಂದಿಗಿನ ಪತ್ರವ್ಯವಹಾರ, ಸೈಟಿನಲ್ಲಿ ಪೈಪು ಹಾಕುವವರ ಜೊತೆಗಿನ ಮಾತು ಎಲ್ಲವೂ ಜರ್ಮನ್‌ನಲ್ಲಿ ನಡೆಯುತ್ತಿತ್ತು. ಒಂದು ವರ್ಷ ಭಾಷೆ ಕಲಿತು ಮತ್ತೆ ಬನ್ನಿ ಎಂದು ಅವರು ಸೌಜನ್ಯದಿಂದಲೇ ಕಳಿಸಿಕೊಟ್ಟರು. ಅಲ್ಲಿಂದ ನಾನು ಹೋದದ್ದು ಒಂದು ಗೋದಾಮಿಗೆ, ರಾತ್ರಿ ಪಾಳಿಗೆ. ದುಡಿಮೆಯಲ್ಲಿ ಕೀಳೆಂಬುದಿಲ್ಲ, ಆ ಹಣದಿಂದಲೇ ನನ್ನ ಬಾಡಿಗೆ ಸಂದಿದೆ. ಆದರೆ ಬೆಳಗ್ಗೆ ಎಂಟಕ್ಕೆ ತರಗತಿಯಿರುವಾಗ ರಾತ್ರಿ ಎರಡರ ತನಕ ಪೆಟ್ಟಿಗೆ ಎತ್ತಿದವನ ತಲೆಗೆ ಏನೂ ಹತ್ತುವುದಿಲ್ಲ. ಹೆಚ್ಚಿನ ಕೋರ್ಸ್‌ಗಳಲ್ಲಿ ಒಂದು ಪರೀಕ್ಷೆಗೆ ಮೂರೇ ಅವಕಾಶ. ಕಡ್ಡಾಯ ವಿಷಯವೊಂದರಲ್ಲಿ ಮೂರನೆಯ ಬಾರಿಯೂ ಫೇಲಾದರೆ ವಿಶ್ವವಿದ್ಯಾನಿಲಯದಿಂದಲೇ ಹೆಸರು ತೆಗೆಯುತ್ತಾರೆ. ನಾನು ಒಂದು ಪರೀಕ್ಷೆಯಲ್ಲಿ ಎರಡನೆಯ ಅವಕಾಶದವರೆಗೆ ಹೋದವನು. ಆ ತಿಂಗಳು ನಮ್ಮ ಮನೆಯಲ್ಲಿ ಯಾರಿಗೂ ಅದನ್ನು ಹೇಳಿರಲಿಲ್ಲ.

ತರಗತಿಯ ಒಳಗೆ ಇಂಗ್ಲಿಷ್ ಸಾಕು ಎಂಬುದು ನಿಜ. ಉಪನ್ಯಾಸ, ಪರೀಕ್ಷೆ, ಪ್ರಬಂಧ ಎಲ್ಲವೂ ಇಂಗ್ಲಿಷಿನಲ್ಲೇ ನಡೆದವು. ಬಾಗಿಲು ದಾಟಿದರೆ ಬೇರೆ ಲೋಕ. ವಿಳಾಸ ನೋಂದಾಯಿಸುವ ಆನ್‌ಮೆಲ್ಡುಂಗ್, ಬಾಡಿಗೆ ಕರಾರು, ಆರೋಗ್ಯ ವಿಮೆ, ವೀಸಾ ವಿಸ್ತರಣೆ, ಇವೆಲ್ಲ ಕಾಗದದ ಮೂಲಕ, ಅಂಚೆಯ ಮೂಲಕ, ಜರ್ಮನ್‌ನಲ್ಲಿ ನಡೆಯುತ್ತವೆ. ಅಲ್ಲಿ ಪ್ರತಿ ಮನೆಯೂ ಸಾರ್ವಜನಿಕ ಪ್ರಸಾರಕ್ಕಾಗಿ ತಿಂಗಳಿಗೆ 18.36 ಯೂರೊ ಕಟ್ಟಬೇಕು, ಟಿವಿ ಇರಲಿ ಇಲ್ಲದಿರಲಿ. ಅದರ ಪತ್ರಗಳು ಬಂದಾಗ ನಾನು ಜಾಹೀರಾತೆಂದು ತಿಳಿದು ಕಪಾಟಿನ ಮೇಲೆ ಇರಿಸಿದೆ. ಏಳನೆಯ ತಿಂಗಳಿಗೆ ಬಾಕಿ ಮತ್ತು ದಂಡ ಸೇರಿಸಿ ಬಂದ ನೋಟೀಸನ್ನು ಸಹಪಾಠಿಯೊಬ್ಬಳು ಓದಿ ಹೇಳಿದಾಗ, ಆ ತಿಂಗಳ ದಿನಸಿಯ ಹಣ ಅದಕ್ಕೇ ಹೋಯಿತು.

ಆದರೆ ಭಾಷೆ ಕಲಿಯಲೇಬೇಕೆಂದು ನಾನು ಗಟ್ಟಿ ಮಾಡಿಕೊಂಡದ್ದು ದಂಡ ಕಟ್ಟಿದ ದಿನ ಅಲ್ಲ. ಅಂತರ್ಜಲದ ಮಟ್ಟ ಅಳೆಯುವ ಕ್ಷೇತ್ರಕಾರ್ಯಕ್ಕೆ ಹಳ್ಳಿಯೊಂದಕ್ಕೆ ಹೋಗಿದ್ದೆ. ಹೊಲದ ಅಂಚಿನಲ್ಲಿರುವ ವೀಕ್ಷಣಾ ಬಾವಿಗೆ ಗುರುತು ಹಾಕಿದ ಟೇಪನ್ನು ಇಳಿಸಬೇಕು; ತುದಿ ನೀರು ಮುಟ್ಟಿದ ಕೂಡಲೇ ಮೇಲೆ ದೀಪ ಹತ್ತುತ್ತದೆ, ಆಗ ಆಳವನ್ನು ಓದಿ ಬರೆದುಕೊಳ್ಳಬೇಕು. ನಾನು ಮೊಣಕಾಲೂರಿ ಕುಳಿತಿದ್ದಾಗ ವಯಸ್ಸಾದ ರೈತರೊಬ್ಬರು ನಾಯಿಯೊಂದಿಗೆ ಬಂದು ನಿಂತು, "ವಾಸ್ ಮಾಖನ್ ಜೀ ಹೀಯರ್?" ಎಂದರು. ಇಲ್ಲಿ ಏನು ಮಾಡುತ್ತಿದ್ದೀರಿ ಎಂದು ಅರ್ಥ. ನನಗೆ ಅರ್ಥವಾಯಿತು, ಉತ್ತರ ಬರಲಿಲ್ಲ. ಇಂಗ್ಲಿಷಿನಲ್ಲಿ ಹೇಳಿದೆ, ಅವರಿಗೆ ತಿಳಿಯಲಿಲ್ಲ. ಅವರು ಮೂರು ಬಾರಿ ಕೇಳಿದರು, ಮೂರನೆಯ ಬಾರಿ ನಿಧಾನವಾಗಿ, ಮಗುವಿಗೆ ಹೇಳುವ ಹಾಗೆ. ನಾನು ವಿಶ್ವವಿದ್ಯಾನಿಲಯದ ಕಾರ್ಡು ತೆಗೆದು ತೋರಿಸಿ ಸುಮ್ಮನೆ ನಿಂತೆ.

ಹಾಗೆ ನಿಂತದ್ದನ್ನು ನಾನು ಮೊದಲೊಮ್ಮೆ ನೋಡಿದ್ದೇನೆ. ಆರನೆಯ ತರಗತಿಯಲ್ಲಿದ್ದಾಗ ಅಜ್ಜನ ಜೊತೆ ಭೂಕಂದಾಯದ ಕಚೇರಿಯೊಂದಕ್ಕೆ ಹೋಗಿದ್ದೆ. ಅವರ ಹತ್ತಿರ ಇದ್ದದ್ದು ಮದ್ರಾಸು ಪ್ರಾಂತ್ಯದ ಕಾಲದ ಕನ್ನಡದ ದಾಖಲೆ, ಮೇಜಿನಿಂದ ಬಂದದ್ದು ಮಲಯಾಳದ ಫಾರ್ಮು. ಅಜ್ಜ ಅದನ್ನು ಕೈಯಲ್ಲಿ ಹಿಡಿದು, ಓದುವವರಂತೆ ಮೇಲಿಂದ ಕೆಳಗೆ ಕಣ್ಣಾಡಿಸಿ, ಮತ್ತೆ ಮೇಜಿನ ಮೇಲಿರಿಸಿ ಸುಮ್ಮನೆ ನಿಂತಿದ್ದರು. ಊರಿನಲ್ಲಿ ಹತ್ತು ಜನರ ಲೆಕ್ಕ ಬರೆದುಕೊಡುತ್ತಿದ್ದವರು ಅವರು. 

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮೂರಲ್ಲಿ ಭಾಷೆಯ ಮಾತೆತ್ತಿದರೆ ಅದು ಬೇರೆ ದಾರಿ ಹಿಡಿಯುತ್ತದೆ. ಅಜ್ಜನಿಗೆ ಮಲಯಾಳ ಬಾರದಿದ್ದುದು ಅವರ ಕೊರತೆಯಲ್ಲ. ಅವರು ಊರು ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ರಾಜ್ಯದ ಗಡಿಯೇ ಅವರನ್ನು ದಾಟಿಕೊಂಡು ಹೋಯಿತು. ಕಾಸರಗೋಡಿನಲ್ಲಿ ಸರಕಾರದೊಂದಿಗೆ ಕನ್ನಡದಲ್ಲಿ ವ್ಯವಹರಿಸುವ ಅವಕಾಶವನ್ನು ಕೇರಳದ 1969ರ ಅಧಿಕೃತ ಭಾಷೆಗಳ ಕಾಯ್ದೆಯೇ ಕೊಟ್ಟಿದೆ, ಆ ಹಕ್ಕನ್ನು ನಾವು ಕೇಳುತ್ತಲೇ ಇರಬೇಕು, 2017ರಲ್ಲಿ ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯ ಮಾಡಿದಾಗ ಕೇಳಿದ ಹಾಗೆ. ಜರ್ಮನಿಗೆ ನಾನು ಹೋದದ್ದು ನನ್ನ ಇಚ್ಛೆಯಿಂದ, ಅವರ ತೆರಿಗೆಯ ಹಣದಿಂದ ನಡೆಯುವ ವಿಶ್ವವಿದ್ಯಾನಿಲಯದಲ್ಲಿ ಶುಲ್ಕವಿಲ್ಲದೆ ಓದಲು. ಆ ರೈತರ ಹೊಲದಲ್ಲಿ ನಿಂತು ಅವರ ಭಾಷೆಯಲ್ಲಿ ಒಂದು ವಾಕ್ಯ ಹೇಳುವುದು ನನ್ನ ಕರ್ತವ್ಯವಾಗಿತ್ತು. ಸ್ವಂತ ನೆಲದಲ್ಲಿ ಹಕ್ಕು, ಅತಿಥಿಯಾಗಿ ಹೋದಲ್ಲಿ ಹೊಣೆ: ಇವೆರಡನ್ನೂ ಒಟ್ಟಿಗೆ ಹೇಳುವುದರಲ್ಲಿ ನನಗೆ ಯಾವ ವಿರೋಧವೂ ಕಾಣುವುದಿಲ್ಲ. ಕನ್ನಡಕ್ಕಾಗಿ ಹೋರಾಡುವ ಮನೆಯ ಮಗ ಜರ್ಮನ್ ಏಕೆ ಕಲಿಯಬೇಕು ಎಂದು ನನ್ನ ಹತ್ತಿರ ಒಬ್ಬರು ಹಿರಿಯರು ಬೇಸರದಿಂದ ಕೇಳಿದ್ದರು, ಅವರಿಗೆ ನಾನು ಕೊಟ್ಟ ಉತ್ತರವೂ ಇದೇ.

ಕಲಿಯುವುದಕ್ಕೆ ನಮ್ಮ ಮಕ್ಕಳು ಹೆದರಬೇಕಾಗಿಲ್ಲ. ಕಾಸರಗೋಡಿನ ಮಗು ಶಾಲೆಗೆ ಸೇರುವ ಮೊದಲೇ ಮನೆಯಲ್ಲಿ ಒಂದು, ಅಂಗಳದಲ್ಲಿ ಇನ್ನೊಂದು, ಬಸ್ಸಿನಲ್ಲಿ ಮತ್ತೊಂದು ಭಾಷೆಯನ್ನು ಕೇಳಿರುತ್ತದೆ. ತುಳು, ಕನ್ನಡ, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಯಾವುದೂ ಕಿವಿಗೆ ಹೊಸತಲ್ಲ. ಜರ್ಮನ್ ವ್ಯಾಕರಣದಲ್ಲಿ ಇಂಗ್ಲಿಷಿನವರಿಗೆ ಕಷ್ಟವಾಗುವ ಕೆಲವು ವಿಷಯಗಳು ನಮಗೆ ಸಲೀಸು. ಉದಾಹರಣೆಗೆ, ಉಪವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. "ವೈಲ್ ಇಷ್ ಡಾಸ್ ವಾಸ್ಸರ್ ಮೆಸ್ಸೆ" ಎಂಬಲ್ಲಿ "ವೈಲ್" ಎಂದರೆ ಏಕೆಂದರೆ, ಉಳಿದದ್ದು "ನಾನು ನೀರನ್ನು ಅಳೆಯುತ್ತೇನೆ", ಪದಗಳ ಕ್ರಮ ನಮ್ಮದೇ. ಗ್ರುಂಡ್ ಎಂದರೆ ನೆಲ, ವಾಸ್ಸರ್ ಎಂದರೆ ನೀರು. ಅಂತರ್ಜಲಕ್ಕೆ ಗ್ರುಂಡ್‌ವಾಸ್ಸರ್, ನಮ್ಮ ಸಮಾಸದ ಹಾಗೆಯೇ. ಹುಡುಗಿ ಎಂಬ ಪದ ಅಲ್ಲಿ ನಪುಂಸಕ ಲಿಂಗ ಎಂದು ಕೇಳಿ ತರಗತಿಯಲ್ಲಿ ಬೇರೆಯವರು ಅಚ್ಚರಿಪಟ್ಟರು. ಹವ್ಯಕ ಮನೆಯಲ್ಲಿ "ಅಬ್ಬೆ ಬಂತು, ಅಕ್ಕ ಬಂತು" ಎನ್ನುತ್ತಾ ಬೆಳೆದ ನನಗೆ ಅದರಲ್ಲಿ ಅಚ್ಚರಿ ಕಾಣಲಿಲ್ಲ. ಕಷ್ಟದ್ದೂ ಇದೆ: ಪ್ರತಿ ನಾಮಪದದ ಲಿಂಗವನ್ನು ಬಾಯಿಪಾಠ ಮಾಡದೆ ಬೇರೆ ದಾರಿಯಿಲ್ಲ, ನಾನು ಇಂದಿಗೂ ತಪ್ಪುತ್ತೇನೆ.

ಜರ್ಮನ್ನರ ಜೊತೆಗಿನ ಭಾಷೆಯ ನಂಟು ನಮಗೆ ಹೊಸತೂ ಅಲ್ಲ. ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಅವರಲ್ಲಿ ಜರ್ಮನಿಯ ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯನ್ನು ಹೊರತಂದರು. 1853ರಲ್ಲಿ ಬಂದ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ನಮ್ಮ ದಕ್ಷಿಣಕ್ಕೆ, ತಲಶ್ಶೇರಿಯಲ್ಲಿದ್ದು ಗುಂಡರ್ಟ್ ಮಲಯಾಳಕ್ಕೆ ಅದೇ ಕೆಲಸ ಮಾಡಿದರು. ಅವರ ಉದ್ದೇಶ ಧರ್ಮಪ್ರಚಾರವಾಗಿತ್ತು ಎಂಬುದು ನಿಜ. ಆದರೂ ಬಂದ ಊರಿನ ಮಾತನ್ನು ಕಲಿಯಲು ಅವರು ತೆಗೆದುಕೊಂಡ ಶ್ರಮಕ್ಕೆ ನಾನು ತಲೆಬಾಗುತ್ತೇನೆ.

ಆ ಹೊಲದಿಂದ ಬಂದ ಸಂಜೆಯೇ ವಿಶ್ವವಿದ್ಯಾನಿಲಯದ ಭಾಷಾ ಕೇಂದ್ರದ ತರಗತಿಗೆ ಹೆಸರು ಕೊಟ್ಟೆ. ಗೋದಾಮಿನ ಪಾಳಿ ಕಡಿಮೆ ಮಾಡಿದೆ, ಮನೆಯಿಂದ ಮತ್ತೆ ಸ್ವಲ್ಪ ಹಣ ತರಿಸಿಕೊಂಡೆ, ಕೋರ್ಸನ್ನು ಒಂದು ಸೆಮಿಸ್ಟರ್ ಉದ್ದ ಮಾಡಿಕೊಂಡೆ. ಮುಂದಿನ ವರ್ಷ ಪ್ರಬಂಧದ ಕೆಲಸಕ್ಕೆ ಅದೇ ಹಳ್ಳಿಗೆ ಹೋದಾಗ ಆ ರೈತರಿಗೆ ನಾನೇ ಮೊದಲು ನಮಸ್ಕಾರ ಹೇಳಿ, ಏನು ಅಳೆಯುತ್ತಿದ್ದೇನೆ, ಏಕೆ ಎಂದು ವಿವರಿಸಿದೆ. ನಿಮ್ಮೂರಲ್ಲಿ ನೀರು ಹೇಗೆ ಎಂದು ಕೇಳಿದರು. ಬಾಯಾರಿನ ನಮ್ಮ ತೋಟಕ್ಕೆ ನೀರು ಬರುವುದು ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದಿಂದ, ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟೇ ಎತ್ತರ, ಪಂಪಿಲ್ಲ, ನೀರು ತಾನಾಗಿ ಹರಿದು ಬಂದು ಕೆರೆಗೆ ಬೀಳುತ್ತದೆ ಎಂದು ತಪ್ಪುತಪ್ಪು ಜರ್ಮನ್‌ನಲ್ಲಿ ಹೇಳಿದೆ. ಮಣ್ಣಿನಲ್ಲಿ ಕಡ್ಡಿಯಿಂದ ಚಿತ್ರವನ್ನೂ ಬರೆದೆ. ಅವರು ತುಂಬ ಹೊತ್ತು ಅದನ್ನು ನೋಡಿ, ಮನೆಗೆ ಕರೆದುಕೊಂಡು ಹೋಗಿ, ಅವರ ತಂದೆ ಮನೆಯ ಬಾವಿಯ ನೀರಿನ ಮಟ್ಟವನ್ನು ತಿಂಗಳು ತಿಂಗಳು ಬರೆದಿಟ್ಟ ಎರಡು ಪುಸ್ತಕಗಳನ್ನು ಮೇಜಿನ ಮೇಲಿರಿಸಿದರು. ನೀಲಿ ಶಾಯಿ, ಹಳೆಯ ಓರೆ ಅಕ್ಷರ. ಯಾವ ಸರಕಾರಿ ದತ್ತಾಂಶದಲ್ಲೂ ಇಲ್ಲದ ಅಂಕಿಗಳು ಅವು. ನನ್ನ ಪ್ರಬಂಧದ ಒಂದು ಅಧ್ಯಾಯ ಅವುಗಳ ಮೇಲೆಯೇ ನಿಂತಿದೆ.

ಸಾಫ್ಟ್‌ವೇರ್‌ನವರಿಗೆ, ಬರ್ಲಿನ್‌ನಂಥ ನಗರದಲ್ಲಿ ಇಂಗ್ಲಿಷಿನಲ್ಲೇ ಕೆಲಸ ಸಿಗುವುದುಂಟು, ಅದನ್ನು ಒಪ್ಪುತ್ತೇನೆ. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಓದಿದವರು ಸಣ್ಣ ಊರಿನ ಮಧ್ಯಮ ಗಾತ್ರದ ಕಾರ್ಖಾನೆಗಳ ಕಡೆಗೇ ನೋಡಬೇಕಾಗುತ್ತದೆ, ಅಲ್ಲಿ ಜರ್ಮನ್ ಇಲ್ಲದೆ ನಡೆಯದು. ಪೈಪೋಟಿಯೂ ಹೆಚ್ಚಿದೆ: 2023-24ರ ಚಳಿಗಾಲದ ಸೆಮಿಸ್ಟರಿನಲ್ಲಿ ಅಲ್ಲಿ ಓದುತ್ತಿದ್ದ ಭಾರತೀಯರು 49 ಸಾವಿರಕ್ಕೂ ಮಿಕ್ಕಿ. ಓದು ಮುಗಿದ ಮೇಲೆ ಕೆಲಸ ಹುಡುಕಲು ಸಿಗುವುದು 18 ತಿಂಗಳು, ಭಾಷೆ ಕಲಿಯಲು ಆ ಅವಧಿಯನ್ನು ಇಟ್ಟುಕೊಳ್ಳಬೇಡಿ. ಪದವೀಧರ ಉದ್ಯೋಗಿಗಳಿಗೆ ಕೊಡುವ ಬ್ಲೂ ಕಾರ್ಡ್ ಎಂಬ ಪರವಾನಗಿ ಸಿಕ್ಕಿದವರಿಗೂ ಬಿ1 ಇದ್ದರೆ 21 ತಿಂಗಳಿಗೆ, ಎ1 ಮಾತ್ರ ಇದ್ದರೆ 27 ತಿಂಗಳಿಗೆ ಕಾಯಂ ವಾಸದ ಅರ್ಹತೆ.

ಈಗ ಬಿ.ಟೆಕ್ ಮೂರನೆಯ ವರ್ಷದಲ್ಲಿರುವವರು ಇವತ್ತೇ ಎ1 ಆರಂಭಿಸಿದರೆ ಹೊರಡುವ ಹೊತ್ತಿಗೆ ಬಿ1 ಆಗುತ್ತದೆ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿಯೂ ತಿರುವನಂತಪುರದ ಗೊಯ್ತೆ ಕೇಂದ್ರದಲ್ಲಿಯೂ ತರಗತಿ ಮತ್ತು ಪರೀಕ್ಷೆಗಳಿವೆ. ನಾನು ಎ1, ಎ2 ವ್ಯಾಕರಣವನ್ನು ಕನ್ನಡದಲ್ಲಿ, ನಮ್ಮ ವಿಭಕ್ತಿ ಪ್ರತ್ಯಯಗಳೊಂದಿಗೆ ಹೋಲಿಸಿ ಬರೆದುಕೊಂಡ ಟಿಪ್ಪಣಿ ಸುಮಾರು ಎಂಬತ್ತು ಪುಟವಿದೆ. ಬೇಕಾದವರು ತಿಳಿಸಿದರೆ ಕಳಿಸುತ್ತೇನೆ. ಭಾನುವಾರ ಸಂಜೆ ಒಂದು ಗಂಟೆ ಆನ್‌ಲೈನ್‌ನಲ್ಲಿ ಹೇಳಿಕೊಡಲೂ ಸಿದ್ಧನಿದ್ದೇನೆ. ಐದು ಮಂದಿ ಸೇರಿದರೆ ಮುಂದಿನ ತಿಂಗಳಿನಿಂದ ಶುರು ಮಾಡೋಣ.